ಜೀರ್ಣಗೃಹದ ಉದ್ಧಾರ
(ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)



ಹೊಸ ಮನೆಯನ್ನು ಕಟ್ಟುವ ಕ್ರಮವನ್ನು ತಿಳಿಸುವ ವಾಸ್ತುಗ್ರಂಥಗಳು ಅನೇಕವಾಗಿರುವುವು. ಆಯ, ಅಳತೆ, ದಿಕ್ಕು, ಮುಹೂರ್ತಗಳನ್ನು ಹೇಳಬಲ್ಲವರೂ ಊರೂರಿನಲ್ಲಿ ದೊರೆಯುವರು. ಆದರೆ ಹಿರಿಯರು ಕಟ್ಟಿ, ಬಾಳಿ, ಬಿಟ್ಟುಹೋದ ಮನೆಯನ್ನು ಮರಳಿ ವಾಸಯೋಗ್ಯವನ್ನಾಗಿ ಮಾಡುವುದು ಹೇಗೆಂಬುದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಜೀರ್ಣೋದ್ಧಾರವೆಂದೊಡನೆ ಗುಡಿ, ಕೆರೆ, ಬಾವಿಗಳು ನೆನಪಿಗೆ ಬರುವುವೇ ಹೊರತು ಮನುಷ್ಯರು ಹುಟ್ಟಿ ಬೆಳೆದ ಮನೆಯು ನೆನಪಿಗೆ ಬಾರದು. ರಾಯಚೂರು ನಗರದ ಹಳೆಯ ಓಣಿಗಳಲ್ಲಿಯೂ ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿಯೂ ಬೀಗ ಹಾಕಿದ ಮನೆಗಳು ಕಾಣುವುವು. ಮಕ್ಕಳು ಕೂಲಿಗಾಗಿಯೋ ನೌಕರಿಗಾಗಿಯೋ ಬೆಂಗಳೂರನ್ನು ಸೇರಿರುವರು. ಮನೆಯು ಮಳೆಗಾಲಕ್ಕೊಮ್ಮೆ ಒಂದೊಂದು ಮೂಲೆಯನ್ನು ಕಳೆದುಕೊಳ್ಳುತ್ತಿರುವುದು. ಕೆಲವರು ಮರಳಿ ಬಂದು ಅದನ್ನು ಸರಿಪಡಿಸಿ ಇರಬೇಕೆಂದು ಮನಸ್ಸು ಮಾಡುವರು. ಅಂಥವರಿಗೆ ಉಪಯೋಗವಾಗುವ ಕೆಲವು ವಿಚಾರಗಳೇ ಈ ಉಪನ್ಯಾಸದ ವಿಷಯವು.

ಮೊದಲು ಆ ಮನೆಯ ರಚನೆಯನ್ನು ತಿಳಿಯತಕ್ಕದ್ದು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡದೊರೆ ನಾಡು ಕಲ್ಲಿನ ನಾಡು. ರಾಯಚೂರಿನ ಒಳಕೋಟೆಯ ಗೋಡೆಯಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆಯೇ ಒಂದಕ್ಕೊಂದು ಹೊಂದಿಸಿರುವರು. ಕಾಕತೀಯರ ಕಾಲದ ಕ್ರಿ. ಶ. 1294ರ ಶಾಸನವನ್ನು ಹೊತ್ತ ಅಲ್ಲಿಯ ಶಿಲೆಯೊಂದು 41 ಅಡಿಗೂ ಮಿಕ್ಕಿದ ಉದ್ದವುಳ್ಳದ್ದು. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನೂ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿರುವರು. ಅರಸರ ಕೋಟೆಗೆ ಅಂಥ ಶಿಲೆಗಳಾದರೆ, ಒಕ್ಕಲಿಗನ ಮನೆಗೆ ಹೊಲದ ಕಲ್ಲು, ಊರ ಮಣ್ಣು, ಬೇವು, ಜಾಲಿ, ಅನುಕೂಲವಿದ್ದವನಿಗೆ ತೇಗ. ಗೋಡೆಯು ಎರಡು ಅಡಿಗಿಂತ ಕಡಿಮೆಯಿಲ್ಲದ ದಪ್ಪವುಳ್ಳದ್ದು. ಹೊರಮೈಗೊಂದು ಸಾಲು ಕಲ್ಲು, ಒಳಮೈಗೊಂದು ಸಾಲು, ನಡುವೆ ಕೆಸರು ಮತ್ತು ಚೂರುಗಲ್ಲು. ಒಳಗೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಗಳಗಳು ಇಲ್ಲವೆ ಸೀಳಿದ ಕಟ್ಟಿಗೆ, ಅದರ ಮೇಲೆ ಹುಳ ಬೀಳದಂತೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ನಾಲ್ಕು ಕಂಬಗಳ ನಡುವಣ ಸ್ಥಳವೇ ಅಂಕಣವು. ಮನೆಯ ದೊಡ್ಡಸ್ತಿಕೆಯನ್ನು ಹಿಂದಿನವರು ಅಂಕಣಗಳಿಂದಲೇ ಎಣಿಸುತ್ತಿದ್ದರು.

ಮಾಳಿಗೆಗೆ ಯಾವ ಮಣ್ಣಾದರೂ ಸಲ್ಲದು. ಎರೆಯ ಮಣ್ಣು ಒಣಗಿದರೆ ಬಿರಿಯುವುದು, ಮಸಾರಿ ಮಣ್ಣು ನೀರನ್ನು ಒಳಗೆ ಬಿಡುವುದು. ಆದುದರಿಂದ ಬೆಳೆ ಬಾರದ ಸವಳು ಮಣ್ಣನ್ನೇ ತಂದು ಹಾಸುವರು. ಅದರಲ್ಲಿಯ ಕ್ಷಾರದ ಗುಣದಿಂದ ಮಣ್ಣಿನ ಸಣ್ಣ ಕಣಗಳು ನೀರು ತಗಲಿದೊಡನೆ ಬಿಡಿಬಿಡಿಯಾಗಿ ಹರಡಿ, ರಂಧ್ರಗಳನ್ನು ಮುಚ್ಚಿ, ನೀರನ್ನು ಮೇಲೆಯೇ ತಡೆಯುವುವು. ಹೊಲಕ್ಕೆ ಕೇಡಾದದ್ದು ಮನೆಗೆ ಕಾವಲಾಯಿತು. ಶಾಲೆಯ ರಸಾಯನಶಾಸ್ತ್ರವನ್ನು ಓದದ ಜನರು ಅನುಭವದಿಂದಲೇ ಇದನ್ನು ಅರಿತಿದ್ದರೆಂಬುದು ಗಮನಾರ್ಹವಾಗಿದೆ.

ಇಂಥ ಮನೆಯು ಬೀಳುವುದೇಕೆ? ಬಹು ಜನರು ಮಳೆಯನ್ನು ದೂರುವರು. 2009ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಸುರಿದ ಹಸ್ತಾ ಮಳೆಯನ್ನು ಈ ಭಾಗದವರು ಮರೆಯಲಾರರು. ಕೃಷ್ಣೆ, ಭೀಮೆ, ತುಂಗಭದ್ರೆಗಳು ಒಮ್ಮೆಗೇ ಉಕ್ಕಿದುವು. ನೆರೆಯ ಮಂತ್ರಾಲಯವು ನೀರಿನಲ್ಲಿ ಮುಳುಗಿತು. ಉತ್ತರ ಕರ್ನಾಟಕದಲ್ಲೆಲ್ಲ ಸಾವಿರಾರು ಮಣ್ಣಿನ ಮನೆಗಳು ನೆಲಕ್ಕೊರಗಿದುವು. ನೆಲೆ ತಪ್ಪಿದವರಿಗಾಗಿ ಸರಕಾರವು 'ಆಸರೆ' ಎಂಬ ಯೋಜನೆಯನ್ನು ಕೈಕೊಂಡಿತು. ಹೊಳೆಯು ಹೊಕ್ಕ ಮನೆಯ ಮಾತು ಬೇರೆ. ಅದನ್ನು ಯಾರೂ ತಡೆಯಲಾರರು. ಆದರೆ ಹೊಳೆಯಿಂದ ದೂರವಿದ್ದು, ಬರಿಯ ಮಳೆಯಿಂದಲೇ ಮನೆ ಬೀಳುವುದಾದರೆ ಅದರ ಕಾರಣವನ್ನು ಮನೆಯೊಳಗೇ ಹುಡುಕಬೇಕಾಗುವುದು.

ಅದನ್ನು ಲೆಕ್ಕದಿಂದ ನೋಡಬಹುದು. ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಅಂಕಣದ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದು 80 ಘನ ಅಡಿಯಾಯಿತು. ಬಡಿದು ಕೂಡಿಸಿದ ಮಣ್ಣಿನ ಒಂದು ಘನ ಅಡಿಯು ಸುಮಾರು 50 ಕಿಲೋ ತೂಗುವುದು. ಆದುದರಿಂದ ಒಂದು ಅಂಕಣದ ತಲೆಯ ಮೇಲೆ 40 ಕ್ವಿಂಟಲ್ ಭಾರವಿರುವುದು. ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣನ್ನು ಸುರಿಯುತ್ತ ಹೋದರೆ ಒಂದು ಅಡಿಯು ಒಂದೂವರೆ ಅಡಿಯಾಗುವುದು, 40 ಕ್ವಿಂಟಲ್ 60 ಆಗುವುದು. ನೆನೆದಾಗ ನೀರಿನ ತೂಕವೂ ಅದಕ್ಕೆ ಕೂಡುವುದು. ಇತ್ತ ತೊಲೆಯು ಗೆದ್ದಲಿನಿಂದ ಒಳಗೇ ಟೊಳ್ಳಾಗುತ್ತಿರುವುದು. ಭಾರವು ವರ್ಷ ವರ್ಷಕ್ಕೆ ಏರುತ್ತ, ಹೊರುವ ಶಕ್ತಿಯು ವರ್ಷ ವರ್ಷಕ್ಕೆ ಇಳಿಯುತ್ತ ಹೋದಲ್ಲಿ ಒಂದು ರಾತ್ರಿಯ ಮಳೆಯು ಬರಿಯ ನೆಪವಾಗುವುದು.

ಇದಕ್ಕಿಂತಲೂ ದೊಡ್ಡ ಕಾರಣವೊಂದುಂಟು. ಅದೇ ಪಾಲು. ಅಣ್ಣತಮ್ಮಂದಿರು ಬೇರೆಯಾಗುವಾಗ ಪಡಸಾಲೆಯ ನಡುವೆ ಗೋಡೆಯೇಳುವುದು. ಒಬ್ಬನಿಗೆ ಬಾಗಿಲು, ಒಬ್ಬನಿಗೆ ಬಾವಿ. ಒಬ್ಬನ ಪಾಲಿಗೆ ಬೆಳಕಿಂಡಿ, ಒಬ್ಬನ ಪಾಲಿಗೆ ಕತ್ತಲೆ. ನೆಲವು ಹಂಚಿಹೋದರೂ ಮಾಳಿಗೆಯು ಹಂಚಿಹೋಗುವುದಿಲ್ಲ. ಮಳೆನೀರು ಅಣ್ಣನ ಭಾಗದಿಂದ ತಮ್ಮನ ಭಾಗಕ್ಕೆ ಹರಿದು, ಅಲ್ಲಿಯ ಕಲ್ಲಿನ ದೋಣಿಯಿಂದ ಹೊರಗೆ ಬೀಳುವಂತೆ ಹಿರಿಯರು ಇಳಿಜಾರು ಮಾಡಿರುವರು. ತಮ್ಮನು ಬೀಗ ಹಾಕಿ ಊರು ಬಿಟ್ಟನೆಂದರೆ ದೋಣಿಯ ಬಾಯಿಯಲ್ಲಿ ಹುಲ್ಲು ಬೆಳೆಯುವುದು, ನೀರು ನಿಲ್ಲುವುದು. ಅಣ್ಣನ ತೊಲೆಯು ಕೊಳೆಯುವುದು. ಅವನ ಪಾಲಿಗೆ ಇವನು ಹೋಗನು, ಇವನ ಪತ್ರಕ್ಕೆ ಅವನು ಉತ್ತರ ಬರೆಯನು. ಹೀಗೆ ಒಬ್ಬೊಬ್ಬರ ಪಾಲಿನ ಮನೆಯು ಬೀಳುವುದಕ್ಕಿಂತ ಮೊದಲು ಎಲ್ಲರಿಗೂ ಸೇರಿದ ಹೊಣೆಯು ಬಿದ್ದುಹೋಗಿರುವುದು. ಮನೆಯ ಜೀರ್ಣೋದ್ಧಾರವನ್ನು ಇಲ್ಲಿಂದಲೇ ಆರಂಭಿಸತಕ್ಕದ್ದು. ಗೌಂಡಿಯನ್ನು ಕರೆಯುವ ಮುಂಚೆ ಪಾಲುಗಾರರೆಲ್ಲರನ್ನೂ ಕರೆದು, ಇರುವವರಾರು, ವೆಚ್ಚ ಮಾಡುವವರಾರು, ಮಾಳಿಗೆಯನ್ನು ನೋಡಿಕೊಳ್ಳುವವರಾರು ಎಂಬುದನ್ನು ಬರೆದಿಡತಕ್ಕದ್ದು.

ಹಾಗೆ ಕರೆಯುವಾಗ ಹೆಣ್ಣುಮಕ್ಕಳನ್ನು ಮರೆಯಲಾಗದು. ಹಿಂದೂ ಉತ್ತರಾಧಿಕಾರದ ಕಾನೂನು ವೀರಶೈವ ಲಿಂಗಾಯತರಿಗೂ ಅನ್ವಯಿಸುವುದೆಂದು ಅದರ ಆರಂಭದಲ್ಲಿಯೇ ಹೇಳಿದೆ. ಕುಟುಂಬವು ವಾಸಿಸುವ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳಬಾರದೆಂಬ ಕಲಮೊಂದು ಅದರಲ್ಲಿದ್ದಿತು. 2005ರ ತಿದ್ದುಪಡಿಯು ಅದನ್ನು ತೆಗೆದುಹಾಕಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಿಗೆ ಸಮನಾದ ಹಕ್ಕನ್ನು ಕೊಟ್ಟಿತು. ತವರಿನ ಹೊಸ್ತಿಲಿಗೆ ಹಬ್ಬಕ್ಕೊಮ್ಮೆ ಬರುವ ಅಕ್ಕತಂಗಿಯರ ಒಪ್ಪಿಗೆಯಿಲ್ಲದೆ ಆ ಹೊಸ್ತಿಲನ್ನು ಕಿತ್ತು ಮಾರುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ.

ಇನ್ನು ಕೆಲಸದ ಕ್ರಮವು. ಮೊದಲು ನೀರು, ಆಮೇಲೆ ಮರ, ಆಮೇಲೆ ಗೋಡೆ, ಕಡೆಗೆ ನೆಲವೂ ಬಣ್ಣವೂ. ಈ ಕ್ರಮವನ್ನು ತಿರುಗಮುರುಗ ಮಾಡಿದವನು ಹಣವನ್ನು ಕಳೆದುಕೊಳ್ಳುವನು. ಮಾಳಿಗೆಯ ಮೇಲಿನ ಹೆಚ್ಚಿನ ಮಣ್ಣನ್ನು ಎಲ್ಲ ಕಡೆಯಿಂದಲೂ ಸಮನಾಗಿ, ತೆಳುವಾಗಿ ಕೆರೆದು ಇಳಿಸಬೇಕು. ಒಂದೆಡೆ ಗುಡ್ಡೆ ಹಾಕಿದರೆ ಆ ಭಾರಕ್ಕೇ ಜಂತಿಯು ಮುರಿದೀತು. ದೋಣಿಗಳನ್ನು ತೆರವು ಮಾಡಿ, ಕುಂಬಿಯ ಬಿರುಕುಗಳನ್ನು ಮುಚ್ಚಬೇಕು. ತರುವಾಯ ತೊಲೆ ಕಂಬಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಮರದ ಸದ್ದು ಒಂದು, ಟೊಳ್ಳು ಮರದ ಸದ್ದು ಇನ್ನೊಂದು. ತೊಲೆಯ ತುದಿಯು ಗೋಡೆಯೊಳಗೆ ಹೊಕ್ಕಿರುವ ಸ್ಥಳದಲ್ಲಿಯೇ ಕೊಳೆಯು ಹೆಚ್ಚಾಗಿರುವುದು. ಕೆಟ್ಟದ್ದನ್ನು ತೆಗೆಯುವುದಕ್ಕಿಂತ ಮೊದಲು ಎರಡೂ ಬದಿಗೆ ಆನಿಕೆ ಕೊಡತಕ್ಕದ್ದು.

ಗೋಡೆಯ ಬಿರುಕುಗಳಲ್ಲಿ ನಿಂತ ಬಿರುಕು, ನಡೆಯುವ ಬಿರುಕು ಎಂದು ಎರಡು ಬಗೆಯುಂಟು. ಬಿರುಕಿಗೆ ಅಡ್ಡಲಾಗಿ ಸುಣ್ಣದ ಬಿಲ್ಲೆಯೊಂದನ್ನು ಮೆತ್ತಿ, ತಾರೀಖನ್ನು ಬರೆದಿಟ್ಟು, ಒಂದು ಬೇಸಿಗೆ ಒಂದು ಮಳೆಗಾಲ ನೋಡಿದರೆ ಸಂಶಯವು ಪರಿಹಾರವಾಗುವುದು. ಬಿಲ್ಲೆಯು ಸೀಳದಿದ್ದರೆ ಮುಚ್ಚಬಹುದು. ಸೀಳಿದರೆ ಬುಡದಲ್ಲಿ ದೋಷವುಂಟು. ಎರೆಯ ನೆಲವು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಅಡಿಪಾಯವನ್ನು ಎತ್ತಿ ಇಳಿಸುತ್ತಿರುವುದು. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಸುತ್ತಲೂ ಇಳಿಜಾರಾಗಿ ಫರಸಿ ಹಾಸುವುದೇ ಅದಕ್ಕೆ ಮುಖ್ಯವಾದ ಚಿಕಿತ್ಸೆಯು. ಹೊಟ್ಟೆ ಬಿಟ್ಟ ಗೋಡೆಯನ್ನಾದರೋ ಮೇಲೆ ಮೆತ್ತಿ ಮರೆಸಲಾಗದು. ಅಷ್ಟು ಭಾಗವನ್ನು ಬಿಚ್ಚಿ, ಒಳ ಹೊರ ಸಾಲುಗಳನ್ನು ಬಂಧಿಸುವ ಉದ್ದಗಲ್ಲುಗಳನ್ನಿಟ್ಟು ಕಟ್ಟಿಸತಕ್ಕದ್ದು.

ಈಗಿನ ಕಾಲದಲ್ಲಿ ನಡೆಯುವ ಎರಡು ತಪ್ಪುಗಳನ್ನು ಎತ್ತಿ ಹೇಳಬೇಕಾಗಿದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಮೊದಲನೆಯದು. 1824ರಲ್ಲಿ ಇಂಗ್ಲೆಂಡದಲ್ಲಿ ಸನದು ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ಉತ್ತಮ ವಸ್ತುವೇ ಸರಿ. ಆದರೆ ಅದು ಕಲ್ಲು ಕೆಸರಿನ ಗೋಡೆಗೆ ಒಗ್ಗದ ಅಂಗಿಯು. ನೆಲದಿಂದ ಏರಿದ ತೇವವು ಮಣ್ಣು ಸುಣ್ಣಗಳ ಮೂಲಕ ಗಾಳಿಗೆ ಹೋಗಿಬಿಡುವುದು. ಸಿಮೆಂಟು ಅದನ್ನು ಒಳಗೇ ಕೂಡಿಹಾಕುವುದು. ಕೆಲವು ವರ್ಷಗಳಲ್ಲಿ ಗಿಲಾವು ಹಪ್ಪಳದಂತೆ ಏಳುವುದು, ಒಳಗಣ ಕೆಸರು ಪುಡಿಯಾಗಿರುವುದು. ಚೆನ್ನಾಗಿ ನೆನೆಸಿಟ್ಟ ಸುಣ್ಣದ ಗಾರೆಯೇ ಇಲ್ಲಿ ಯೋಗ್ಯವಾದುದು. ಎರಡನೆಯದು, ಮಾಳಿಗೆಯನ್ನು ಕಿತ್ತು ಹಳೆಯ ಗೋಡೆಗಳ ಮೇಲೆಯೇ ಕಾಂಕ್ರೀಟಿನ ಸ್ಲ್ಯಾಬು ಹಾಕಿಸುವುದು. ಹಿಂದೆ ಭಾರವನ್ನು ಬಹುಮಟ್ಟಿಗೆ ಹೊತ್ತದ್ದು ಕಂಬಗಳು. ಗೋಡೆಯ ಪಾಲಿಗೆ ಬಂದದ್ದು ಕಡಿಮೆ. ಸ್ವಲ್ಪವೇ ಹೊತ್ತಿದ್ದವನ ಹೆಗಲಿಗೆ ಒಮ್ಮೆಗೇ ಇಡಿಯ ಹೊರೆಯನ್ನಿಟ್ಟಂತಾಯಿತು. ಅದಲ್ಲದೆ 40 ಡಿಗ್ರಿಗೆ ಮೀರುವ ರಾಯಚೂರಿನ ಬಿಸಿಲಿನಲ್ಲಿ ನಾಲ್ಕೈದು ಅಂಗುಲದ ಸ್ಲ್ಯಾಬು ಸಾಯಂಕಾಲಕ್ಕೇ ಒಳಗೆ ಕಾವನ್ನು ಸುರಿಯತೊಡಗುವುದು. ಎರಡು ಅಡಿಯ ಗೋಡೆಯಲ್ಲಿಯಾದರೋ ಹಗಲಿನ ಕಾವು ಒಳಮೈಯನ್ನು ಮುಟ್ಟುವಷ್ಟರಲ್ಲಿ ರಾತ್ರಿಯ ತಂಪು ಬಂದಿರುವುದು.

ಹಳೆಯ ಮನೆಯಲ್ಲಿ ಎಚ್ಚರದಿಂದ ಮುಟ್ಟಬೇಕಾದದ್ದು ಹಗೇವು. ಜೋಳವನ್ನು ತುಂಬಿಡುತ್ತಿದ್ದ ಆ ನೆಲಗುಳಿಯು ಬಹುಕಾಲ ಮುಚ್ಚಿದ್ದರೆ ಒಳಗೆ ವಿಷವಾಯು ತುಂಬಿರುವುದು. ಬಾಯಿ ತೆರೆದು ಹಲವು ದಿನ ಗಾಳಿಯಾಡಗೊಟ್ಟು, ದೀಪವನ್ನು ಇಳಿಬಿಟ್ಟು ನೋಡುವುದು ಹಿರಿಯರ ರೂಢಿ. ದೀಪವು ಆರಿದರೆ ಯಾರೂ ಇಳಿಯಬಾರದು. ಉರಿದರೂ ಒಬ್ಬನೇ ಇಳಿಯಬಾರದು. ಉಪಯೋಗವಿಲ್ಲದಿದ್ದರೆ ತುಂಬಿ ಗಟ್ಟಿಮಾಡಿಬಿಡುವುದೇ ಕ್ಷೇಮವು. ಇಲ್ಲದಿದ್ದರೆ ಎಂದಾದರೊಂದು ದಿನ ನೆಲವು ಕುಸಿದೀತು. ಹೊಸದಾಗಿ ಕಟ್ಟಿಸುವ ಬಚ್ಚಲು, ಶೌಚಗೃಹಗಳನ್ನು ಹಳೆಯ ಗೋಡೆಗೆ ತಾಗಿಸದೆ ಹಿತ್ತಿಲಲ್ಲಿ ಬೇರೆಯಾಗಿ ಕಟ್ಟಿಸುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಹಳೆಯ ಮನೆಯನ್ನು ಜನರು ಏಕೆ ಬಿಡುವರೆಂಬುದನ್ನು ನ್ಯಾಯವಾಗಿ ಯೋಚಿಸಬೇಕು. ಮಾಳಿಗೆಗೆ ಮಣ್ಣು ಹೊತ್ತವರಾರು? ನೆಲವನ್ನು ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಹೊಗೆ ತುಂಬಿದ ಕತ್ತಲೆಯಲ್ಲಿ ಒಲೆ ಊದಿದವರಾರು? ಬಹುಮಟ್ಟಿಗೆ ಮನೆಯ ಹೆಂಗಸರು. 'ನಮಗೆ ಸಿಮೆಂಟಿನ ಮನೆಯೇ ಬೇಕು' ಎಂದು ಸೊಸೆಯು ಹೇಳಿದರೆ ಅದನ್ನು ಷೋಕಿಯೆಂದು ಜರೆಯುವವರು ಈ ಲೆಕ್ಕವನ್ನು ಮರೆತವರು. ಹಳೆಯ ಮನೆಯ ತಂಪನ್ನು ಹೊಗಳುತ್ತ ಕಟ್ಟೆಯ ಮೇಲೆ ಕುಳಿತವನಿಗಿಂತ ಅದನ್ನು ತಂಪಾಗಿ ಉಳಿಸಿದವಳ ಮಾತಿಗೆ ಬೆಲೆ ಹೆಚ್ಚು. ಆದುದರಿಂದ ಉದ್ಧಾರವು ಅಡಿಗೆಮನೆಯಿಂದ ಮೊದಲಾಗಲಿ: ಅಲ್ಲಿಗೊಂದು ಕಿಟಕಿ, ಹೊಗೆ ಹೋಗುವ ದಾರಿ, ನಿಂತು ಮಾಡುವ ಕಟ್ಟೆ, ನೀರಿನ ನಲ್ಲಿ. ಬೆಳಕಿಂಡಿಗೆ ಗಾಜು ಕೂಡಿಸಿದರೆ ಮಳೆಯಲ್ಲಿ ಗಡಿಗೆ ಬೋರಲು ಹಾಕುವ ತೊಂದರೆಯು ತಪ್ಪುವುದು. ನೆಲಕ್ಕೆ ಶಹಾಬಾದಿ ಕಲ್ಲು ಹಾಸಿದರೆ ಸಾರಿಸುವ ಶ್ರಮವು ನೀಗುವುದು. ಹಳೆಯದನ್ನು ಉಳಿಸುವುದೆಂದರೆ ಹಳೆಯ ಕಷ್ಟವನ್ನೂ ಉಳಿಸುವುದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮನೆಯು ಸಿದ್ಧವಾದ ಬಳಿಕ ಹಾಲು ಉಕ್ಕಿಸಿ ಒಳಗೆ ಬರುವುದೊಂದು ದಿನದ ಕಾರ್ಯ. ಅದರಲ್ಲಿ ನೆಲಸುವುದು ವರ್ಷಗಳ ಕಾರ್ಯ. ಸಾಧ್ಯವಾದರೆ ಒಂದು ಮಳೆಗಾಲವನ್ನು ಕಳೆಯದೆ ಬಣ್ಣ ಬಳಿಸಬಾರದು. ಎಲ್ಲಿ ತಟಕುವುದು, ಎಲ್ಲಿ ಗಾಳಿ ಬರುವುದು, ಯಾವ ಮೂಲೆಯಲ್ಲಿ ಬೆಳಗಿನ ಬಿಸಿಲು ಬೀಳುವುದು ಎಂಬುದನ್ನು ಮನೆಯೇ ಕಲಿಸುವುದು. ಪ್ರತಿವರ್ಷ ಮೃಗಶಿರಾ ಮಳೆಗೆ ಮುಂಚೆ ಮಾಳಿಗೆಯನ್ನು ಹತ್ತಿ ನೋಡುವವನೊಬ್ಬನು ಮನೆಗೆ ಬೇಕು. ದೂರವಿರುವ ಪಾಲುಗಾರರು ಬರಲಾರದಿದ್ದರೆ ವೆಚ್ಚವನ್ನು ಕಳುಹಿಸಲಿ. ವೆಚ್ಚವನ್ನು ಕಳುಹಿಸಲಾರದವರು ಒಂದು ದಿನ ಬಂದು ಬುಟ್ಟಿ ಹಿಡಿಯಲಿ.

ಮಾನ್ವಿಯಲ್ಲಿ ಹರಿದಾಸರಾದ ಜಗನ್ನಾಥದಾಸರು ಬಾಳಿದ ಮನೆಯ ಕಂಬವನ್ನು ಭಕ್ತರು ಇಂದಿಗೂ ದಾಸರ ಸನ್ನಿಧಿಯೆಂದು ಭಾವಿಸಿ ಪೂಜಿಸುವರು. ದಾಸರು 1809ರಲ್ಲಿ ದೇಹವಿಟ್ಟವರು. ಇಂದಿಗೂ ಆ ಕಂಬಕ್ಕೆ ದಿಕ್ಕುಂಟು. ಎಲ್ಲರ ಮನೆಯ ಕಂಬವೂ ಪೂಜೆಗೆ ಸಲ್ಲುವುದಿಲ್ಲ. ಆದರೆ ಮುತ್ತಜ್ಜಿಯು ಬೆನ್ನು ಆನಿಸಿ ಕೂತು ನುಣುಪಾದ ಕಂಬವು, ಮಕ್ಕಳ ತೊಟ್ಟಿಲನ್ನು ಹೊತ್ತ ತೊಲೆಯು ಈ ಸೀಮೆಯ ಹಳೆಯ ಮನೆಗಳಲ್ಲೆಲ್ಲ ಇರುವುವು. ವರ್ಷಕ್ಕೊಮ್ಮೆ ಅವುಗಳನ್ನು ತಟ್ಟಿ ನೋಡುವ ಕೈಯೊಂದಿದ್ದರೆ, ಸಂಜೆಗೊಂದು ದೀಪವು ಒಳಗೆ ಹೊತ್ತಿದರೆ, ಅವು ಇನ್ನೆರಡು ತಲೆಮಾರನ್ನು ಹೊರಬಲ್ಲುವು. ಪಾಲುಗಾರರಲ್ಲಿ ಒಮ್ಮತವೂ, ಮನೆಯೊಡತಿಯರಿಗೆ ಸೌಖ್ಯವೂ, ಬೀಗ ಬಿದ್ದ ಬಾಗಿಲುಗಳಿಗೆ ತೆರೆಯುವ ಕೈಗಳೂ ಉಂಟಾಗಲಿ.

ಶುಭಂ ಭೂಯಾತ್.