ವಿಶೇಷ ಮಕ್ಕಳ ಕಲಿಕೆ ಮತ್ತು ಕಣ್ಣಿನ ವ್ಯಾಯಾಮ

(ಸಂಘದ ವಾರ್ಷಿಕ ಶಿಕ್ಷಣ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗಳಿಗೆ ವಿಷನ್ ಥೆರಪಿ, ಅಂದರೆ ಕಣ್ಣಿನ ವ್ಯಾಯಾಮದ ಚಿಕಿತ್ಸೆ. ಓದಿನಲ್ಲಿ ಹಿಂದುಳಿದ ಮಗುವನ್ನು ಇದು ಮುಂದಕ್ಕೆ ತರುತ್ತದೆ ಎಂದು ಕೇಳಿ ಆಸೆಯಿಟ್ಟುಕೊಂಡ ಹೆತ್ತವರು ಈ ಸಭೆಯಲ್ಲೂ ಇರಬಹುದು. ಆದ್ದರಿಂದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಚಿಕಿತ್ಸೆಯಿಂದ ಕೆಲವು ಮಕ್ಕಳಿಗೆ ನಿಜವಾಗಿಯೂ ಉಪಕಾರವಿದೆ. ಎಲ್ಲ ಮಕ್ಕಳಿಗೆ ಇಲ್ಲ. ಅದಕ್ಕೂ ಮುಂಚೆ ಆಗಬೇಕಾದ, ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ. ನಾವು ಎಡವಿರುವುದು ಅಲ್ಲಿಯೇ.

ಮದ್ರಸದ ಮೊದಲ ಪಾಠವನ್ನೇ ನೋಡಿ. ಬಾ, ತಾ, ಸಾ ಈ ಮೂರು ಅಕ್ಷರಗಳ ಆಕಾರ ಒಂದೇ. ಬಾ ಅಕ್ಷರಕ್ಕೆ ಕೆಳಗೆ ಒಂದು ಚುಕ್ಕೆ, ತಾ ಅಕ್ಷರಕ್ಕೆ ಮೇಲೆ ಎರಡು, ಸಾ ಅಕ್ಷರಕ್ಕೆ ಮೇಲೆ ಮೂರು. ಶಾಲೆಗೆ ಬಂದರೆ ದ ಮತ್ತು ಧ ನಡುವೆ ಇರುವುದು ಹೊಟ್ಟೆ ಸೀಳಿದ ಒಂದು ಸಣ್ಣ ಗೀಟು ಮಾತ್ರ. ಹತ್ತಿರದ್ದು ಮಸುಕಾಗಿ ಕಾಣುವ ಮಗುವಿಗೆ ಆ ಚುಕ್ಕೆಯೂ ಇಲ್ಲ, ಗೀಟೂ ಇಲ್ಲ. ಆದರೂ ಅದು ಪಾಠ ಒಪ್ಪಿಸುತ್ತದೆ, ಏಕೆಂದರೆ ಪಕ್ಕದವನ ಬಾಯಿಂದ ಕೇಳಿ ಕಲಿತಿರುತ್ತದೆ. ನಡುವಿನ ಸಾಲಿನ ಮೇಲೆ ಬೆರಳಿಟ್ಟು ಓದು ಎಂದಾಗ ತಡವರಿಸುತ್ತದೆ. ಉಸ್ತಾದರು ಸೋಮಾರಿ ಎನ್ನುತ್ತಾರೆ, ಟೀಚರು ದಡ್ಡ ಎನ್ನುತ್ತಾರೆ, ಮನೆಯವರು ಇಬ್ಬರ ಮಾತನ್ನೂ ನಂಬುತ್ತಾರೆ.

ಸಾಮಾನ್ಯ ಮಗುವಿಗೇ ಹೀಗಾದರೆ ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಗುವಿನ ಗತಿ ಏನು? ಗೋಡೆಯ ಮೇಲಿನ ಅಕ್ಷರದ ಚಾರ್ಟನ್ನು ಅದು ಓದಿ ಹೇಳಲಾರದು. 'ಪರೀಕ್ಷೆಗೆ ಸಹಕರಿಸುವುದಿಲ್ಲ' ಎಂದು ಚೀಟಿಯಲ್ಲಿ ಬರೆದು ಕಳುಹಿಸುತ್ತಾರೆ, ನಾವೂ ಸುಮ್ಮನಾಗುತ್ತೇವೆ. ಹೀಗೆ ಸುಮ್ಮನಾಗಬೇಕಾಗಿಲ್ಲ. ರೆಟಿನೋಸ್ಕೋಪ್ ಎಂಬ ಉಪಕರಣದಿಂದ ಕಣ್ಣಿನೊಳಕ್ಕೆ ಬೆಳಕಿನ ಗೆರೆ ಹಾಯಿಸಿ, ಮರಳಿ ಬರುವ ಹೊಳಪಿನ ಚಲನೆಯನ್ನು ನೋಡಿ ಕನ್ನಡಕದ ನಂಬರನ್ನು ತಿಳಿಯಬಹುದು. ಮಗು ಒಂದು ಮಾತೂ ಆಡಬೇಕಾಗಿಲ್ಲ. ಇದಕ್ಕೆ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರೆ. ಆಮೇಲೆ ಕೆಲವು ಗಂಟೆ, ಕೆಲವೊಮ್ಮೆ ಮರುದಿನದವರೆಗೂ ಮಸುಕು ಇರುತ್ತದೆ, ಹೆದರಬೇಡಿ. ಮಾತು ಬಾರದ ಮಗುವಿನ ದೃಷ್ಟಿ ಎಷ್ಟಿದೆ ಎಂದು ಅಳೆಯಲು ಪಟ್ಟೆಗಳಿರುವ ಕಾರ್ಡುಗಳೂ, ಜೋಡಿಸಿ ತೋರಿಸುವ ಚಿತ್ರಗಳೂ ಇವೆ.

ಡೌನ್ ಸಿಂಡ್ರೋಮ್ ಮಕ್ಕಳ ಬಗ್ಗೆ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾನಿಲಯದಲ್ಲಿ ಹಲವು ವರ್ಷ ಅಧ್ಯಯನ ನಡೆದಿದೆ. ಈ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಹತ್ತಿರದ ವಸ್ತುವಿನ ಮೇಲೆ ದೃಷ್ಟಿ ಸರಿಯಾಗಿ ಕೂರುವುದಿಲ್ಲ ಎಂಬುದು ಅಲ್ಲಿ ತಿಳಿದುಬಂತು. ಪರಿಹಾರ ನಮ್ಮ ಅಜ್ಜಂದಿರು ಹಾಕುವ ಬೈಫೋಕಲ್ ಕನ್ನಡಕವೇ. ಆರು ವರ್ಷದ ಮಗುವಿಗೆ ಬೈಫೋಕಲ್ಲೇ ಎಂದು ನಗಬೇಡಿ.

ಹಾಗಾದರೆ ವ್ಯಾಯಾಮ ಯಾರಿಗೆ? ಪುಸ್ತಕ ಹತ್ತಿರ ತಂದಾಗ ಎರಡು ಕಣ್ಣುಗಳೂ ಒಟ್ಟಿಗೆ ಮೂಗಿನ ಕಡೆಗೆ ತಿರುಗಬೇಕು. ಕೆಲವು ಮಕ್ಕಳಿಗೆ ಅದು ಆಗುವುದಿಲ್ಲ. ಅಕ್ಷರ ಎರಡೆರಡಾಗಿ ಕಾಣುತ್ತದೆ, ಸಾಲು ಓಡುತ್ತದೆ, ತಲೆ ನೋಯುತ್ತದೆ, ಮಗು ಒಂದು ಕಣ್ಣು ಮುಚ್ಚಿ ಓದುತ್ತದೆ. ಇದಕ್ಕೆ ಕನ್ವರ್ಜೆನ್ಸ್ ಇನ್‌ಸಫಿಷಿಯೆನ್ಸಿ ಎನ್ನುತ್ತಾರೆ. ತಸ್ಬೀಹ್‌ನಂತೆ ದಾರಕ್ಕೆ ಪೋಣಿಸಿದ ಬಣ್ಣದ ಮಣಿಗಳನ್ನು ಒಂದೊಂದಾಗಿ ನೋಡಿಸುವುದು, ಮಸೂರಗಳಿಂದ ಅಭ್ಯಾಸ ಮಾಡಿಸುವುದು ಇದರ ಕ್ರಮ. 2008ರಲ್ಲಿ ಅಮೆರಿಕದಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ವಾರಕ್ಕೊಮ್ಮೆ ಚಿಕಿತ್ಸಾಲಯದಲ್ಲಿ, ಜೊತೆಗೆ ಮನೆಯಲ್ಲಿ, ಹೀಗೆ 12 ವಾರ ಅಭ್ಯಾಸ ಮಾಡಿದವರಲ್ಲಿ ಶೇ. 73 ಮಕ್ಕಳು ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ತುದಿ ನೋಡುವ ಅಭ್ಯಾಸವನ್ನಷ್ಟೇ ಮಾಡಿದವರಲ್ಲಿ ಇದು ಶೇ. 43.

ಆದರೆ 2019ರಲ್ಲಿ ಮುನ್ನೂರಕ್ಕೂ ಹೆಚ್ಚು ಮಕ್ಕಳ ಇನ್ನೊಂದು ಪ್ರಯೋಗದ ಫಲಿತಾಂಶ ಬಂತು. ನಿಜವಾದ ಚಿಕಿತ್ಸೆ ಪಡೆದವರ ಓದಿನ ಗ್ರಹಿಕೆ, ಹೆಸರಿಗಷ್ಟೇ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಸುಧಾರಿಸಲಿಲ್ಲ. ಕಣ್ಣು ಸರಿಯಾಗುವುದು ಬೇರೆ, ಓದು ಬರುವುದು ಬೇರೆ. ಡಿಸ್ಲೆಕ್ಸಿಯಾದಲ್ಲಿ ತೊಂದರೆ ಇರುವುದು ಧ್ವನಿಯನ್ನೂ ಅಕ್ಷರವನ್ನೂ ಜೋಡಿಸುವ ಮಿದುಳಿನ ಕೆಲಸದಲ್ಲಿ. ಅದಕ್ಕೆ ಕಣ್ಣಿನ ವ್ಯಾಯಾಮವಾಗಲಿ ಬಣ್ಣದ ಗಾಜಾಗಲಿ ಮದ್ದು ಎನ್ನಲು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಟನೆಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಆ ಮಗುವಿಗೆ ಬೇಕಾದುದು ಧ್ವನಿ ಮತ್ತು ಅಕ್ಷರವನ್ನು ಬಿಡಿಸಿ ಬಿಡಿಸಿ ಕಲಿಸುವ ತಾಳ್ಮೆಯ ಶಿಕ್ಷಕಿ. ಬಳೆ ಅಡವಿಟ್ಟು ವ್ಯಾಯಾಮದ ಪ್ಯಾಕೇಜಿಗೆ ಹಣ ಕಟ್ಟುವ ಮುಂಚೆ ಇದನ್ನು ನೆನೆಯಿರಿ.

ಕಣ್ಣು ಮಾತ್ರ ನೋಡುವುದಿಲ್ಲ, ಒಳಗಿನ ಗ್ರಹಣಶಕ್ತಿಯೂ ಸೇರಿದಾಗಲೇ ನೋಟ ಎಂದು ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ 11ನೇ ಶತಮಾನದಲ್ಲೇ ವಿವರಿಸಿದ್ದರು. ಹೆರಿಗೆಯ ಹೊತ್ತಿಗೆ ಮಿದುಳಿಗೆ ಪೆಟ್ಟಾದ ಮಕ್ಕಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಣ್ಣು ಚೆನ್ನಾಗಿದ್ದರೂ ಆಟಿಕೆ ತುಂಬಿದ ಬುಟ್ಟಿಯಲ್ಲಿ ತನ್ನ ಚೆಂಡು ಕಾಣದು. ಅದೇ ಚೆಂಡನ್ನು ಕಪ್ಪು ಬಟ್ಟೆಯ ಮೇಲೆ ಇಟ್ಟರೆ ಕೈ ಚಾಚುತ್ತದೆ. ಇಂಥ ಮಗುವಿನ ಪುಟದಲ್ಲಿ ಒಂದೇ ಚಿತ್ರ, ದಪ್ಪ ಅಕ್ಷರ, ಸುತ್ತ ಖಾಲಿ ಜಾಗ ಇರಲಿ.

ಎಳೆಯ ಮಕ್ಕಳ 'ಸೋಮಾರಿ ಕಣ್ಣಿ'ನ ವಿಷಯದಲ್ಲಿ ತಡ ಮಾಡುವಂತಿಲ್ಲ. ಮೆಳ್ಳೆಗಣ್ಣು ಅದೃಷ್ಟ ಎಂದು ಕೂತರೆ ಆ ಕಣ್ಣಿನ ನೋಟವೇ ಬೆಳೆಯದೆ ಹೋಗಬಹುದು. ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ತೊಂದರೆ ಮಧ್ಯಮ ಪ್ರಮಾಣದ್ದಾದರೆ ದಿನಕ್ಕೆ ಆರು ಗಂಟೆ ಕಟ್ಟಿದಷ್ಟೇ ಫಲ ಎರಡು ಗಂಟೆಯಲ್ಲೂ ಸಿಗುತ್ತದೆಂದು 2003ರ ಅಧ್ಯಯನ ತೋರಿಸಿದೆ. ಏಳು ವರ್ಷದೊಳಗೆ ಶುರುವಾದರೆ ಒಳ್ಳೆಯದು. ಇನ್ನು, ಕನ್ನಡಕ ಹಾಕಿದರೆ ಹುಡುಗಿಗೆ ಸಂಬಂಧ ಕೂಡಿಬರುವುದಿಲ್ಲ ಎಂದು ಅದನ್ನು ಕಪಾಟಿನಲ್ಲಿ ಇಡುವ ಮನೆಗಳಿವೆ. ಆ ಹುಡುಗಿಯ ಹತ್ತನೇ ತರಗತಿಯೂ ಅದರ ಜೊತೆಗೇ ಕಪಾಟು ಸೇರುತ್ತದೆ.

ಕಣ್ಣು ಸರಿಯಾದ ಮೇಲೆ ಓದಿಸೋಣ ಎಂಬ ಮಾತೂ ಬೇಡ. ಕಣ್ಣು ಕಾಣದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್ (ರ) ಕಲಿಯಲೆಂದೇ ಪ್ರವಾದಿಯವರ (ಸ) ಬಳಿ ಬಂದವರು. ಕುರ್‌ಆನಿನ 80ನೇ ಅಧ್ಯಾಯ ಅವತರಿಸಿದ್ದು ಅವರ ನಿಮಿತ್ತ. ಮುಂದೆ ಮದೀನದಲ್ಲಿ ಅಝಾನ್ ಕೊಡುವ ಹೊಣೆಯೂ ಅವರಿಗೆ ಸಿಕ್ಕಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಮಂದದೃಷ್ಟಿಯೂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯುಂಟು. ಅದರ ತಂಡ ಅಂಗನವಾಡಿಗೂ ಸರಕಾರಿ, ಅನುದಾನಿತ ಶಾಲೆಗಳಿಗೂ ಹೋಗುತ್ತದೆ. ನಮ್ಮ ಖಾಸಗಿ ಶಾಲೆಗಳ ಹಾಗೂ ಮನೆಯಲ್ಲೇ ಉಳಿದ ಮಕ್ಕಳ ಪಟ್ಟಿಯನ್ನು ಜಮಾಅತ್ ಕಮಿಟಿಯೇ ಮಾಡಿ, ಸರಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದೊಯ್ಯಬೇಕು. ಉಸ್ತಾದರೂ ಟೀಚರೂ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡಲಿ: ಪುಸ್ತಕ ಎಷ್ಟು ಹತ್ತಿರ ಹಿಡಿಯುತ್ತದೆ, ತಲೆ ಯಾವ ಕಡೆ ವಾಲಿಸುತ್ತದೆ, ಎಷ್ಟು ಹೊತ್ತಿಗೆ ಕಣ್ಣುಜ್ಜುತ್ತದೆ. ಹೋಗುವಾಗ ಆ ಹಾಳೆಯ ಜೊತೆಗೆ ಮಗು ಓದುವ ಪಠ್ಯಪುಸ್ತಕವನ್ನೂ ಮದ್ರಸದ ಕಿತಾಬನ್ನೂ ತೆಗೆದುಕೊಂಡು ಹೋಗಿ.