ಗಾಯವಾದಾಗ ಉಪ್ಪಿಗೇಕೆ ಕಾವಲು?

ಮಕ್ಕಳೇ, ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಬಿಡಿ, ನೋಡೋಣ. ಬಿಳಚಿಕೊಂಡ ಉಗುರು ತಕ್ಷಣ ಕೆಂಪಗಾಯಿತಲ್ವಾ? ಅಪಘಾತದಲ್ಲಿ ತುಂಬಾ ರಕ್ತ ಹೋದವರ ಉಗುರನ್ನೂ ಡಾಕ್ಟರು ಹೀಗೇ ಒತ್ತಿ ನೋಡುತ್ತಾರೆ. ಅವರಿಗೆ ಕೆಂಪು ಮರಳಲು 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಹುದು. ಯಾಕಿರಬಹುದು?

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಹೋಯಿತು ಅನ್ನಿ. ಒತ್ತಡ ಇಳಿದದ್ದು ಕತ್ತಿನ ರಕ್ತನಾಳದಲ್ಲಿರುವ ನರತುದಿಗಳಿಗೆ ಕೂಡಲೇ ಗೊತ್ತಾಗುತ್ತದೆ. ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ.

ಮನೆಯ ಟ್ಯಾಂಕಿನಲ್ಲಿ ನೀರು ತಳ ಕಂಡಾಗ ಅಮ್ಮ ಹಿತ್ತಲ ನಲ್ಲಿ ಬಂದ್ ಮಾಡಿ, ಅಡುಗೆಮನೆಯದನ್ನು ಮಾತ್ರ ಬಿಡುತ್ತಾರಲ್ಲ, ಮೈಯೂ ಹಾಗೇ ಮಾಡುತ್ತದೆ. ಮಿದುಳಿನ ಆಜ್ಞೆಯಂತೆ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಹಾರ್ಮೋನು ಅಂದರೆ ರಕ್ತದಲ್ಲಿ ಹರಿದು ದೂರದ ಅಂಗಕ್ಕೆ ಸಂದೇಶ ಒಯ್ಯುವ ರಾಸಾಯನಿಕ. ಈ ಸಂದೇಶ ಸಿಕ್ಕಿ ಚರ್ಮ, ಕರುಳುಗಳ ನಾಳಗಳು ಕಿರಿದಾಗುತ್ತವೆ. ಉಳಿದ ರಕ್ತ ಮಿದುಳಿಗೆ, ಹೃದಯಕ್ಕೆ ಸಿಗುತ್ತದೆ. ಉಗುರು ಬಿಳಚಿಕೊಳ್ಳುವುದು, ಕೈ ತಣ್ಣಗಾಗುವುದು ಅದಕ್ಕೇ.

ಇನ್ನು ಬರುವುದು ನನಗೆ ಬಲು ಇಷ್ಟವಾದ ಸಂಗತಿ, ಉಪ್ಪಿನದು. ಅತ್ತಾಗ ಕಣ್ಣೀರು ನಾಲಿಗೆಗೆ ತಾಗಿ ಉಪ್ಪುಪ್ಪೆನಿಸಿದ್ದು ನೆನಪಿದೆಯಾ? ನಮ್ಮ ರಕ್ತವೂ ಉಪ್ಪುನೀರೇ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಮುಂತಾದ ಲವಣಗಳ ಕಣಗಳು ಕರಗಿವೆ. ಅವನ್ನೇ ಎಲೆಕ್ಟ್ರೊಲೈಟ್ ಅನ್ನುವುದು.

ಒತ್ತಡ ಇಳಿದದ್ದು ಮೂತ್ರಪಿಂಡಕ್ಕೂ ತಿಳಿಯುತ್ತದೆ. ಅದು ರೆನಿನ್ ಎಂಬ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಒಂದರ ಹಿಂದೊಂದು ಕೆಲಸ ಶುರುವಾಗಿ, ಕೊನೆಗೆ ಅಡ್ರಿನಲ್ ಗ್ರಂಥಿಯಿಂದ ಅಲ್ಡೋಸ್ಟಿರೋನ್ ಎಂಬ ಹಾರ್ಮೋನು ಹೊರಡುತ್ತದೆ. ‘ಸೋಡಿಯಂ ಹೊರಗೆ ಬಿಡಬೇಡ’ ಅನ್ನುವುದು ಇದರ ಅಪ್ಪಣೆ. ಮೂತ್ರಕ್ಕೆ ಸೇರಬೇಕಿದ್ದ ಸೋಡಿಯಂ ರಕ್ತಕ್ಕೆ ಮರಳುತ್ತದೆ. ಸೋಡಿಯಂ ಹೋದಲ್ಲಿಗೆ ನೀರೂ ಹೋಗುತ್ತದೆ, ನೋಡಿ! ಆದರೆ ಇದು ಪುಕ್ಕಟೆಯಲ್ಲ, ಬದಲಿಗೆ ಒಂದಿಷ್ಟು ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ.

ಅತ್ತ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ವಾಸೋಪ್ರೆಸಿನ್ ಎಂಬ ಹಾರ್ಮೋನು ಕಳಿಸಿ ಇನ್ನಷ್ಟು ನೀರು ಉಳಿಸುತ್ತದೆ. ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುತ್ತದೆ. ಬಾಯಾರಿಕೆಯೂ ಜೋರು. ಆದರೂ ದೊಡ್ಡ ಗಾಯವಾದವರಿಗೆ ನೀರು ಕುಡಿಸಬಾರದು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ದೊಡ್ಡವರನ್ನು ಕರೆಯಿರಿ. ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಬೇಕು.

ಉಳಿಸಿದ ನೀರು ರಕ್ತದ ಪ್ರಮಾಣವನ್ನೇನೋ ಸರಿದೂಗಿಸುತ್ತದೆ. ಕೆಂಪು ಕಣಗಳು ಮಾತ್ರ ಮೂಳೆಯೊಳಗಿನ ಮಜ್ಜೆಯಲ್ಲಿ ಹೊಸದಾಗಿ ಹುಟ್ಟಬೇಕು. ಅದಕ್ಕೆ ವಾರಗಟ್ಟಲೆ ಬೇಕು. ‘ಶುರು ಮಾಡು’ ಎಂದು ಮಜ್ಜೆಗೆ ಹಾರ್ಮೋನು ಕಳಿಸುವುದೂ ಮುಖ್ಯವಾಗಿ ನಮ್ಮ ಮೂತ್ರಪಿಂಡವೇ.