ಹೂವು ಬಿದ್ದ ಕಣ್ಣು, ಬಟರ್ ಪೇಪರಿನ ಪಾಠ

ನಮ್ಮ ಹಳ್ಳಿಗಳಲ್ಲಿ ‘ಕಣ್ಣಿಗೆ ಹೂವು ಬಿದ್ದಿದೆ’ ಅನ್ನುವ ಮಾತುಂಟು. ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಗಾಯವೋ ಸೋಂಕೋ ಆಗಿ ಬೆಳ್ಳಗಾದರೆ ಹಾಗನ್ನುತ್ತಾರೆ. ಹೆಸರೇನೋ ಚೆಂದ, ಆದರೆ ನೋಟ ಹೋಗುತ್ತದೆ.

ಅಲ್ಲಿಗೆ ಗಾಜನ್ನೇ ಕೂರಿಸಿದರೆ ಹೇಗೆ ಎಂದು 1789ರಲ್ಲೇ ಯೋಚಿಸಿದವನು ಫ್ರಾನ್ಸಿನ ಪೆಲಿಯೆ. ಬೆಳ್ಳಿಯ ಬಳೆಯೊಳಗೆ ಗಾಜಿನ ಬಿಲ್ಲೆ, ಅವನ ಕಲ್ಪನೆ ಅಷ್ಟೇ. ಗಾಜು ತಿಳಿಯಾಗಿಯೇ ಇತ್ತು. ಮುಂದೆ ಅಂಥ ಪ್ರಯೋಗಕ್ಕೆ ಇಳಿದವರಿಗೆ ಕಣ್ಣು ಅದನ್ನು ಹೊರದಬ್ಬುವುದೇ ತಲೆನೋವಾಯಿತು. 1905ರ ಡಿಸೆಂಬರ್ 7ರಂದು, ಈಗಿನ ಚೆಕ್ ದೇಶದ ಓಲೊಮೋತ್ಸ್ ಊರಿನಲ್ಲಿ, ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಸುಣ್ಣದಿಂದ ಸುಟ್ಟ ಕಣ್ಣಿಗೆ ಒಬ್ಬ ಹುಡುಗನ ಕಾರ್ನಿಯಾ ಹಾಕಿ ಗೆದ್ದರು. ನೇತ್ರದಾನದ ಕಥೆ ಶುರುವಾದದ್ದು ಅಲ್ಲಿಂದ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ಬೆಂಗಳೂರಿನಲ್ಲಿ ನಾಲ್ವರಿಗೆ ಹಾಕಿದರಲ್ಲ, ಅಷ್ಟು ಜತನ ಯಾಕೆಂದರೆ ದಾನದ ಕಣ್ಣು ಎಲ್ಲರಿಗೂ ಸಾಲುವುದಿಲ್ಲ. ಬದಲಿ ಬೇಕೇ ಬೇಕು.

ಬದಲಿ ಮಾಡುವ ಮೊದಲು, ಅಸಲಿ ಯಾಕೆ ತಿಳಿಯಾಗಿದೆ ಎಂದು ಗೊತ್ತಿರಬೇಡವೇ? ಕಾರ್ನಿಯಾ ಬಹುಪಾಲು ನೀರು, ಮಿಕ್ಕದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು. ಕಣ್ಣಿನ ಬಿಳಿ ಭಾಗವೂ ಕೊಲಾಜೆನ್ನೇ, ಆದರೂ ಅದು ತಿಳಿಯಾಗಿಲ್ಲ! ಈ ಗುಟ್ಟನ್ನು 1957ರಲ್ಲಿ ಬಿಡಿಸಿದವರು ಡೇವಿಡ್ ಮಾರಿಸ್ ಎಂಬ ವಿಜ್ಞಾನಿ. ಕಾರ್ನಿಯಾದ ಎಳೆಗಳು ಸುಮಾರು 30 ನ್ಯಾನೋಮೀಟರ್ ದಪ್ಪ. ಮಗ್ಗಕ್ಕೆ ಹಾಸು ಹೂಡಿದ ಹಾಗೆ ಒಂದೇ ಸಮ, ಒಂದೇ ಅಂತರ. ಪಕ್ಕಕ್ಕೆ ಚದುರಿದ ಬೆಳಕು ಪರಸ್ಪರ ಅಳಿಸಿಹೋಗಿ, ನೇರ ಹೋಗುವುದು ಉಳಿಯುತ್ತದೆ. ನೀರು ತುಂಬಿ ಊದಿಕೊಂಡರೆ ಈ ಸಾಲು ಕೆಟ್ಟು ಮಬ್ಬಾಗುತ್ತದೆ.

ಬದಲಿ ಕಾರ್ನಿಯಾಕ್ಕೆಂದು ಹೊಸ ವಸ್ತು ತಯಾರಿಸಿದವರು ಅದನ್ನು ಅಚ್ಚಿನ ಅಕ್ಷರದ ಮೇಲಿಟ್ಟು ಫೋಟೋ ತೆಗೆಯುವುದು ರೂಢಿ. ಆ ಫೋಟೋವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬೇಕಾದರೆ ಒಂದು ತುಂಡು ಬಟರ್ ಪೇಪರನ್ನು ಪತ್ರಿಕೆಯ ಮೇಲೆ ಒತ್ತಿ ಹಿಡಿಯಿರಿ, ಅಕ್ಷರ ಓದಬಹುದು. ಪೇಪರನ್ನು ಎರಡು ಬೆರಳಿನಷ್ಟು ಮೇಲೆತ್ತಿ, ಸಾಲೇ ಮಾಯ. ಬೆಳಕು ದಾಟಿತು, ಆದರೆ ಚದುರಿತು. ಕಾರ್ನಿಯಾದಿಂದ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾಗೂ ಎರಡು ಸೆಂಟಿಮೀಟರಿಗಿಂತ ಹೆಚ್ಚು ದೂರವಿದೆ. ಹಾಗಾಗಿ ಎಷ್ಟು ಬೆಳಕು ದಾಟಿತು ಎನ್ನುವುದರ ಜೊತೆಗೆ ಎಷ್ಟು ಚದುರಿತು ಎಂಬುದನ್ನೂ ಅಳೆಯಬೇಕು. ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಹೇಳುವ ವಕ್ರೀಭವನ ಸೂಚ್ಯಂಕ ಅಸಲಿ ಕಾರ್ನಿಯಾದಂತೆ 1.376ರ ಆಸುಪಾಸಿನಲ್ಲಿದೆಯೇ ನೋಡಬೇಕು. ಅದೂ ಒಣಗಿದ ತುಂಡಿನಲ್ಲಲ್ಲ, ಉಪ್ಪುನೀರಿನಲ್ಲಿ ನೆನೆದದ್ದರಲ್ಲಿ.

ಇಷ್ಟರಲ್ಲಿ ಪಾಸಾದರೂ ಮುಗಿಯಲಿಲ್ಲ. ಸ್ವೀಡನ್ನಿನಲ್ಲಿ 10 ಜನರಿಗೆ ಮಾನವ ಕೊಲಾಜೆನ್ ಮಾದರಿಯ ಕಾರ್ನಿಯಾ ಹಾಕಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ವಸ್ತು ತಿಳಿಯೇ, ಆದರೆ ಹೊಲಿಗೆಯಿಂದ ಮೇಲ್ಮೈ ಏರುಪೇರಾಗಿ, ಚೆನ್ನಾಗಿ ಕಾಣಲು ಕಾಂಟ್ಯಾಕ್ಟ್ ಲೆನ್ಸ್ ಬೇಕಾಯಿತು. 2022ರ ಹೊತ್ತಿಗೆ ಅಲ್ಲಿಯ ಲಿನ್‌ಶಾಪಿಂಗ್‌ನ ತಂಡ ಹಂದಿಯ ಚರ್ಮದ ಕೊಲಾಜೆನ್ನಿನಿಂದ ತೆಳು ಪದರ ಮಾಡಿ, ಕಾರ್ನಿಯಾದೊಳಗೆ ಜೇಬಿನಂತೆ ಸೀಳಿ ತೂರಿಸಿತ್ತು. ಹೊಲಿಗೆಯೇ ಇಲ್ಲ. ಭಾರತ ಮತ್ತು ಇರಾನಿನ 20 ಜನರಲ್ಲಿ 14 ಮಂದಿಗೆ ಮೊದಲು ಕಣ್ಣು ಕಾಣುತ್ತಿರಲಿಲ್ಲ. ಎರಡು ವರ್ಷ ಕಳೆದು ನೋಡಿದಾಗ ಅವರಲ್ಲಿ ಕುರುಡರು ಯಾರೂ ಉಳಿದಿರಲಿಲ್ಲ.